ಸೀಟಿನ ಕೆಳಗಿನ ಸುತ್ತಿಗೆ

ಗ್ಯಾರೇಜಿನವನಿಗೆ ಹೆತ್ತವರು ಇಟ್ಟ ಹೆಸರು ಯಾರಿಗೂ ನೆನಪಿಲ್ಲ; ಊರಿಗೆಲ್ಲ ಅವನು ಸುತ್ತಿಗೆ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ಕೈ ಬಾಯಿಗಿಂತ ಮುಂದೆ ಓಡುತ್ತಿತ್ತು. ತಿರುಗದ ಬೋಲ್ಟಿಗೂ ಏಟು, ತಿರುಗಿ ಮಾತಾಡಿದ ಗಿರಾಕಿಗೂ ಏಟು. ಒಬ್ಬನ ಎರಡು ಹಲ್ಲು ಉದುರಿಸಿ ಮೂರು ದಿನ ಲಾಕಪ್ಪಿನಲ್ಲಿ ಕೂತು ಬಂದವನು, ಹೊರಗೆ ಬಂದ ಮೇಲೂ "ದಂಡಂ ದಶಗುಣಂ ಕಣ್ರೀ" ಎಂದು ನಕ್ಕಿದ್ದ. ಅವನ ಹೆಂಡತಿಗೆ ಎಡಗಿವಿ ಕೇಳುತ್ತಿರಲಿಲ್ಲ. ಹುಟ್ಟಿನಿಂದ ಬಂದ ಕಿವುಡಲ್ಲ ಅದು. ಸಾಯುವವರೆಗೂ ಆ ಪುಣ್ಯಾತ್ಗಿತ್ತಿ ಬಲಗಿವಿಯನ್ನೇ ಮುಂದೆ ಮಾಡಿ ಅವನ ಮಾತು ಕೇಳಿಸಿಕೊಂಡಳು.

ಉಳಿದವಳು ಒಬ್ಬಳೇ ಮಗಳು. ಅವಳು ಗಂಡನ ಮನೆಗೆ ಹೋಗುವಾಗ ತನ್ನ ಹಳೇ ಬಿಳಿ ಕಾರನ್ನು ಕೊಟ್ಟು ಕಳಿಸಿದ್ದ. ಇಪ್ಪತ್ತೆರಡು ವರ್ಷದ ಗಾಡಿ, ಬಾಗಿಲು ಎತ್ತಿ ಹಾಕಬೇಕು.

"ಅಪ್ಪ, ಒಮ್ಮೊಮ್ಮೆ ಸ್ಟಾರ್ಟ್ ಆಗಲ್ಲ. ಕೀ ತಿರುಗಿಸಿದ್ರೆ ಟಕ್ ಅನ್ನುತ್ತೆ, ಆಮೇಲೆ ಏನೂ ಇಲ್ಲ" ಎಂದು ಒಂದು ದಿನ ಬಂದಳು.

ಅವನು ಕೀ ತಿರುಗಿಸಿದ. ಡಾಕ್ಟರ ಮುಂದೆ ಹಲ್ಲುನೋವು ಮಾಯವಾಗುವ ಹಾಗೆ, ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. "ಗಾಡಿಗೇನೂ ಆಗಿಲ್ಲ. ನಿನ್ನ ಕೈ ಸರಿ ಇಲ್ಲ" ಎಂದು ಕಳಿಸಿದ. ಮುಂದಿನ ತಿಂಗಳು ಮತ್ತೆ ಬಂದಳು. ಬ್ಯಾಟರಿಯ ತುದಿಗಳನ್ನು ಉಜ್ಜಿ ಬಿಗಿಮಾಡಿ ಕಳಿಸಿದ.

ಮೂರನೇ ಸಲ ಬಂದಾಗ ಹುಬ್ಬಿನ ಮೇಲೆ ನಾಲ್ಕು ಹೊಲಿಗೆ ಇತ್ತು.

"ಏನೇ ಇದು?"

"ಬೀರು ಬಾಗಿಲು ತಗಲ್ತು."

ಅವನು ಇನ್ನೊಂದು ಮಾತು ಕೇಳಲಿಲ್ಲ. ಕಾರು ಅಂದು ಅವನ ಕಣ್ಣೆದುರೇ ಕೈಕೊಟ್ಟಿತು. ಟಕ್. ದೀಪ ಜೋರಾಗಿ ಉರಿಯುತ್ತಿತ್ತು, ಹಾರನ್ ಕಿವಿ ಹರಿಯುವ ಹಾಗೆ ಕೂಗುತ್ತಿತ್ತು. ಅಂದರೆ ಬ್ಯಾಟರಿಯ ತಪ್ಪಲ್ಲ. ಬಗ್ಗಿ ಸ್ಟಾರ್ಟರ್ ಮೋಟಾರಿಗೆ ಸುತ್ತಿಗೆಯಿಂದ ಒಂದು ಬಿಟ್ಟ. ಎಂಜಿನ್ ಎದ್ದಿತು. ಮೋಟಾರಿನೊಳಗೆ ಕರೆಂಟು ಹಾಯಿಸುವ ಇದ್ದಿಲಿನ ತುಂಡುಗಳು ಸವೆದಿವೆ ಎಂದು ಅವನಿಗೆ ಆಗಲೇ ಗೊತ್ತಾಯಿತು. ಬಿಚ್ಚಿದರೆ ಅರ್ಧ ದಿನದ ಕೆಲಸ. ಅಷ್ಟು ತಾಳ್ಮೆ ಅವನ ಜಾಯಮಾನದಲ್ಲೇ ಇರಲಿಲ್ಲ.

"ಒಂದ್ಸಲಾನೂ ತಪ್ಪಬಾರದು ಅಪ್ಪ. ತಿರುಗಿಸಿದ ತಕ್ಷಣ ಹೊರಡ್ಬೇಕು."

"ಅಷ್ಟೇನೇ ಅವಸರ ನಿಂಗೆ?"

ಅವನು ಒಂದು ಚಿಕ್ಕ ಸುತ್ತಿಗೆಯನ್ನು ಸೀಟಿನ ಕೆಳಗೆ ತುರುಕಿದ. "ಹಟ ಮಾಡಿದ್ರೆ ಬಾನೆಟ್ ಎತ್ತಿ ಇಲ್ಲಿಗೊಂದು ಕೊಡು. ಏಟು ಬಿದ್ರೆ ಎಲ್ಲಾ ದಾರಿಗೆ ಬರುತ್ತೆ."

ಹದಿನೈದು ದಿನದ ಮೇಲೆ ಆಸ್ಪತ್ರೆಯಿಂದ ಫೋನ್ ಬಂತು. ಓಡಿಹೋಗಿ ನೋಡಿದರೆ ಮಗಳ ತುಟಿ ಸೀಳಿತ್ತು, ಬಲಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿದ್ದರು. ಗಂಡ ತಲೆಗೂದಲು ಹಿಡಿದು ಗೋಡೆಗೆ ಬಡಿಯುತ್ತಿದ್ದಾಗ ಕೊಸರಿಕೊಂಡು ಓಡಿ ಕಾರು ಹತ್ತಿದ್ದಳಂತೆ. ಟಕ್ ಅಂದಿತಂತೆ. ಇಳಿದು, ಬಾನೆಟ್ ಎತ್ತಿ, ಸುತ್ತಿಗೆ ಎತ್ತುವಷ್ಟರಲ್ಲಿ ಅವನು ಬಂದು ಕಿತ್ತುಕೊಂಡನಂತೆ.

"ಕೈನ ಕಾರಿನ ಅಂಚಿಗೆ ಒತ್ತಿಹಿಡಿದು ಹೊಡ್ದ ಅಪ್ಪ. ನೀನು ಕೊಟ್ಟಿದ್ರಲ್ಲೇ."

"ಇಷ್ಟು ದಿನ ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನಂತಿದ್ದೆ? ಅಜ್ಜಿ ಅಮ್ಮಂಗೆ ಹೇಳ್ತಿದ್ದಿದ್ದನ್ನೇ ತಾನೇ? ಹೊಂದ್ಕೊಂಡು ಹೋಗು ಅಂತ."

ಅವನು ಎದ್ದು ಹೊರಟ.

ಕಾರನ್ನು ಹಗ್ಗ ಕಟ್ಟಿ ಎಳೆಸಿ ತಂದು, ಮರುದಿನ ಬೆಳಿಗ್ಗೆ ಕೊನೆಗೂ ಸ್ಟಾರ್ಟರ್ ಬಿಚ್ಚಿದ. ಇದ್ದಿಲಿನ ತುಂಡುಗಳು ಉಗುರಿನಷ್ಟು ಉಳಿದಿದ್ದವು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹೊಸವನ್ನು ಕೂರಿಸಿದ. ಜೀವಮಾನದಲ್ಲಿ ಮೊದಲ ಸಲ ಒಂದು ಸ್ಕ್ರೂವನ್ನೂ ಬಡಿಯದೆ ಕೆಲಸ ಮುಗಿಸಿದ. ಆಸ್ಪತ್ರೆಯಿಂದ ಬಂದ ಮಗಳು ಒಳಗೆ ಕೂತು ಎಡಗೈಯನ್ನು ಚಾಚಿ ಕೀ ತಿರುಗಿಸಿದಳು. ಸ್ಟಾರ್ಟ್ ಆಯಿತು. ಆರಿಸಿ ಮತ್ತೆ ತಿರುಗಿಸಿದಳು. ಮೂವತ್ತು ಸಲ ತಿರುಗಿಸಿದಳು, ಮೂವತ್ತು ಸಲವೂ ಸ್ಟಾರ್ಟ್ ಆಯಿತು.

ಅಷ್ಟರಲ್ಲಿ ಅಳಿಯ ಬಂದ. ಇಸ್ತ್ರಿ ಮಾಡಿದ ಅಂಗಿ, ತಲೆ ಬಾಚಿದ್ದ.

"ಮಾವ, ಅವಳನ್ನ ಕರ್ಕೊಂಡು ಹೋಗೋಣ ಅಂತ ಬಂದೆ. ಗಂಡ ಹೆಂಡ್ತಿ ಅಂದ್ಮೇಲೆ ಒಂದು ಮಾತು ಬರುತ್ತೆ, ಒಂದು ಏಟು ಬೀಳುತ್ತೆ. ನಿಮಗೆ ಗೊತ್ತಿಲ್ಲದ್ದಾ?"

ಸುತ್ತಿಗೆ ದೊಡ್ಡ ಸುತ್ತಿಗೆಯನ್ನೇ ಎತ್ತಿದ. ಮೊದಲ ಏಟು ಭುಜಕ್ಕೆ ಬಿತ್ತು. ಒಣ ಕಟ್ಟಿಗೆ ಮುರಿದ ಸದ್ದು. ಅಳಿಯ ಎಣ್ಣೆ ಡ್ರಮ್ಮಿನ ಮೇಲೆ ಬಿದ್ದು ಹಂದಿಯಂತೆ ಕಿರುಚಿದ. ಎರಡನೆಯದು ಮೊಣಕಾಲಿಗೆ. ರಕ್ತ, ಎಣ್ಣೆ ಎರಡೂ ಸೇರಿ ನೆಲದಲ್ಲಿ ಹರಿದವು. ಮೂರನೆಯದನ್ನು ತಲೆಗೆ ಗುರಿಯಿಟ್ಟು ಎತ್ತಿದಾಗ ಸುತ್ತಿಗೆಗೆ ನಿಜಕ್ಕೂ ಖುಷಿಯಾಗಿತ್ತು. ಮಗಳಿಗಾಗಿ ಹೊಡೆಯುತ್ತಿದ್ದೇನೆ ಎಂದುಕೊಂಡು ಅವಳ ಕಡೆ ನೋಡಿದ.

ಅವಳು ಕಾರಿನೊಳಗೆ ಬಾಗಿಲಿಗೆ ಒತ್ತಿಕೊಂಡು, ಮೊಣಕೈಗಳಿಂದ ತಲೆ ಮುಚ್ಚಿಕೊಂಡು ಕೂತಿದ್ದಳು. ಅವಳ ಅಮ್ಮ ಅಡುಗೆಮನೆಯ ಮೂಲೆಯಲ್ಲಿ ಹೀಗೇ ಕೂರುತ್ತಿದ್ದಳು.

ಎತ್ತಿದ ಕೈ ಅಲ್ಲೇ ನಿಂತಿತು.

"ಮಗಳೇ..." ಎಂದು ಅವನು ಒಂದು ಹೆಜ್ಜೆ ಮುಂದಿಟ್ಟ. ಸುತ್ತಿಗೆ ಇನ್ನೂ ಕೈಯಲ್ಲೇ ಇತ್ತು.

ಅವಳು ಕೀ ತಿರುಗಿಸಿದಳು. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಗಂಡನ ಕಡೆಗೂ ನೋಡದೆ, ಅಪ್ಪನ ಕಡೆಗೂ ನೋಡದೆ ಗಾಡಿಯನ್ನು ರಸ್ತೆಗೆ ಇಳಿಸಿ ಹೊರಟುಹೋದಳು.