ಮಂಚಮ್ಮನ ಎಡೆಕೋಣೆಗೆ ಸ್ಪೀಕರ್ ಬಂದದ್ದು

ಮಂಚಮ್ಮನ ಕಿವಿಯ ವಿಷಯ ಊರಿಗೆಲ್ಲ ಗೊತ್ತು. ಹುಡುಗಿಯಾಗಿದ್ದಾಗಿನಿಂದ ಬದನವಾಳಿನ ಖಾದಿ ಕೇಂದ್ರದಲ್ಲಿ ನೂಲು ತೆಗೆದವಳು. ಎಳೆ ಕಿತ್ತುಹೋಗುವ ಮೊದಲು ರಾಟೆಯ ದನಿ ಒಂದು ಚೂರು ಬದಲಾಗುತ್ತದಂತೆ. ಉಳಿದವರು ಎಳೆ ಕಿತ್ತ ಮೇಲೆ ಅಯ್ಯೋ ಅಂದರೆ ಇವಳು ಮೊದಲೇ ಕೈ ನಿಲ್ಲಿಸಿರುತ್ತಿದ್ದಳು. ಈಗ ಮೊಣಕಾಲು ಹಿಡಿದುಕೊಂಡಿವೆ, ಒಂದು ಕಣ್ಣಿಗೆ ಪೊರೆ ಬಂದಿದೆ, ಕಿವಿ ಮಾತ್ರ ಇನ್ನೂ ಹರೆಯದ್ದು. ಅಡಿಗೆಮನೆಯಲ್ಲಿ ಪಿಸುಗುಟ್ಟಿದ್ದಕ್ಕೆ ಜಗಲಿಯಿಂದ ಉತ್ತರ ಕೊಡುವ ಅತ್ತೆ ಯಾವ ಸೊಸೆಗೆ ಬೇಕು ಹೇಳಿ? ಆದರೂ ಯಶೋಧರಾ ಒಳ್ಳೆಯ ಹೆಣ್ಣು, ಹೇಗೋ ಹೊಂದಿಕೊಂಡು ಹೋಗುತ್ತಿದ್ದಳು.

ಇಂಥ ಕಿವಿ ಇದ್ದದ್ದರಿಂದಲೇ ಮಂಚಮ್ಮ ಹೇಳುತ್ತಿದ್ದ ಒಂದು ಮಾತನ್ನು ಮನೆಯವರು ಪೂರ್ತಿ ತಳ್ಳಿಹಾಕಲೂ ಆಗದೆ, ನಂಬಲೂ ಆಗದೆ ಸುಮ್ಮನಿದ್ದರು. ಮನೆಯ ಹಿಂದಿನ ಹಳೇ ಕೋಣೆಯಲ್ಲಿ ನಂಜ ಇದ್ದಾನೆ ಅನ್ನುತ್ತಿದ್ದಳು ಅವಳು.

ನಂಜ ಅಂದರೆ ನಂಜುಂಡೇಶ, ಅವಳ ಚೊಚ್ಚಲ ಮಗ. ಇನ್ನೇನು ಸ್ಕೂಲಿಗೆ ಸೇರಿಸಬೇಕು ಅನ್ನುವ ವರ್ಷ ಜ್ವರ ಬಂದು ಆ ಕೋಣೆಯಲ್ಲೇ ಹೋದ. ಆ ಕೂಸಿಗೊಂದು ಚಾಳಿಯಿತ್ತು. ಗೋಡೆಗೆ ಬೆನ್ನು ಕೊಟ್ಟು ನಿಂತು ಹಿಮ್ಮಡಿಯಿಂದ ಗೋಡೆ ಕುಟ್ಟುವುದು. ಡುಬ್, ಡುಬ್. ಮಣ್ಣು ಉದುರುತ್ತೆ ಕಣೋ ಎಂದು ಬೈದರೆ ನಿಲ್ಲಿಸಿ, ಬೈದವರು ಅತ್ತ ಹೋದೊಡನೆ ಮತ್ತೆ ಶುರು.

ಪಿತೃಪಕ್ಷದಲ್ಲಿ ಎಡೆ ಇಡುವ ಪದ್ಧತಿ ಆ ಸೀಮೆಯಲ್ಲಿ ಹೀಗೆ. ಎಲೆಯ ತುಂಬ ಬಡಿಸಿ, ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿಕೊಳ್ಳಬೇಕು. ಸತ್ತವರು ಉಣ್ಣುವುದನ್ನು ಇದ್ದವರು ನೋಡಬಾರದು. ಸ್ವಲ್ಪ ಹೊತ್ತು ಬಿಟ್ಟು, ಉಂಡವರು ಎದ್ದು ಹೋಗಲಿ ಎಂದು ಬಾಗಿಲ ಮುಂದೆ ಒಂದು ಸಲ ಕೆಮ್ಮಿ, ಆಮೇಲೆ ತೆಗೆಯಬೇಕು. ನಂಜ ಹೋದ ವರ್ಷ ಮಂಚಮ್ಮ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಾಗ ಒಳಗಿಂದ ಆ ಸದ್ದು ಬಂತು. ಅವಳಿಗೆ ಕೆಮ್ಮಲಾಗಲಿಲ್ಲ. ಹೆತ್ತವಳು ಹೇಗೆ ಕೆಮ್ಮಿಯಾಳು? ಎದ್ದು ಹೋಗು ಎಂದ ಹಾಗಲ್ಲವೇ ಅದು? ಕೆಮ್ಮದೆಯೇ ಬಾಗಿಲು ತೆಗೆದಳು. ಹಿರೀಕರೆಲ್ಲ ಉಂಡು ಹೋಗಿರಬೇಕು, ಕೂಸು ಮಾತ್ರ ಅಲ್ಲೇ ಉಳಿಯಿತು. ಆಮೇಲೆ ಯಾವ ವರ್ಷವೂ ಆ ಬಾಗಿಲಲ್ಲಿ ಅವಳು ಕೆಮ್ಮಲಿಲ್ಲ.

ಪ್ರತಿ ವರ್ಷ ಎಡೆಗೆ ಒಂದು ಅಂಗಿ ಕೊಳ್ಳುತ್ತಿದ್ದಳು. ಹಿಂದಿನ ವರ್ಷದ್ದಕ್ಕಿಂತ ಒಂದು ಸುತ್ತು ದೊಡ್ಡದು. ಅಂಗಡಿಯವನು ಯಾರಿಗೆ ಎಂದರೆ ದೊಡ್ಡವನಿಗೆ ಅನ್ನುವಳು. ಎಡೆಗೆ ಇಟ್ಟ ಅಂಗಿಯನ್ನು ಮಾರನೆಯ ದಿನ ಎರಡನೆಯ ಮಗ ಪ್ರೇಮ್‌ಕುಮಾರ್ ಹಾಕಿಕೊಳ್ಳಬೇಕು. ಕೈ ಮಡಚಿಕೊಂಡು, ಜೋತಾಡಿಸಿಕೊಂಡು ಅವನು ಬೆಳೆದದ್ದೇ ಅಣ್ಣನ ಅಳತೆಯ ಅಂಗಿಗಳಲ್ಲಿ. ಗೋಡೆಯ ಸದ್ದೂ ಹಾಗೆಯೇ ವರ್ಷದಿಂದ ವರ್ಷಕ್ಕೆ ಭಾರವಾಗುತ್ತ ಬಂತು. ಈಗ ಅದು ಮಗುವಿನ ಹಿಮ್ಮಡಿಯಲ್ಲ, ತಲೆಗೂದಲು ನೆರೆಯುತ್ತಿರುವ ಗಂಡಸಿನದು ಎಂದು ಮಂಚಮ್ಮ ಸಲೀಸಾಗಿ ಹೇಳುವಾಗ ಕೇಳಿದವರ ಮೈ ಜುಂ ಅನ್ನುತ್ತಿತ್ತು.

ನಡುವೆ ಮನೆಯವರೆಲ್ಲ ಬೌದ್ಧ ದೀಕ್ಷೆ ತೆಗೆದುಕೊಂಡರು. ಗಂಡ ಮಹದೇವಯ್ಯ ಎಡೆ, ಧೂಪ ಎಲ್ಲ ಇನ್ನು ಸಾಕು ಎಂದ. ಮಂಚಮ್ಮನೂ ಬಿಳಿ ಸೀರೆಯುಟ್ಟು ಕೈಮುಗಿದಳು, ಮನಸ್ಸಿಟ್ಟೇ ಮುಗಿದಳು. ಆದರೆ ನಂಜನ ಎಲೆಯನ್ನು ಬಿಡಲಿಲ್ಲ. ಮಹದೇವಯ್ಯ ಇರುವ ತನಕ ಆ ಒಂದು ದಿನ ಬೇಕೆಂದೇ ಹೊಲದ ಕಡೆ ಹೋಗಿಬಿಡುತ್ತಿದ್ದ, ಪುಣ್ಯಾತ್ಮ. ಅವನು ತೀರಿಕೊಂಡ ಮೇಲೆ ಪ್ರೇಮ್‌ಕುಮಾರ್ ಮನೆ ಕೆಡವಿ ಆರ್‌ಸಿಸಿ ಕಟ್ಟಿಸಿದ. ಬಾಗಿಲು ಮೊದಲು ಹೊಲದ ಕಡೆಗಿತ್ತು, ಈಗ ರಸ್ತೆಯ ಕಡೆಗೆ ತಿರುಗಿತು. ಹೊಸ ಪಡಸಾಲೆ, ಹೊಸ ಅಡಿಗೆಮನೆ ಬಂದವು. ಹಿಂದಿನ ಆ ಮಣ್ಣುಗೋಡೆಯ ಕೋಣೆಯನ್ನು ಮಾತ್ರ ಮುಟ್ಟಲು ಮಂಚಮ್ಮ ಬಿಡಲಿಲ್ಲ. ನಂಜ ಕಂಡದ್ದು ಆ ಮನೆಯಲ್ಲಿ ಇನ್ನು ಅದೊಂದೇ.

ಪ್ರೇಮ್‌ಕುಮಾರ್‌ಗೆ ನಂಜನಗೂಡಿನ ಒಂದು ಫ್ಯಾಕ್ಟರಿಯಲ್ಲಿ ಕೆಲಸ, ಸಿನಿಮಾದ ಹುಚ್ಚು ಬೇರೆ. ಮನೆಯಲ್ಲೇ ಥಿಯೇಟರ್ ಮಾಡಬೇಕು ಅಂತ ಎಷ್ಟೋ ಕಾಲದ ಆಸೆ. ದಪ್ಪ ಗೋಡೆ, ಒಂದೇ ಕಿಟಕಿ, ಹೊರಗಿನ ಗಲಾಟೆ ಒಳಗೆ ಬರುವುದಿಲ್ಲ. ಆ ಕೋಣೆಗಿಂತ ಒಳ್ಳೆಯ ಜಾಗ ಎಲ್ಲಿ ಸಿಕ್ಕೀತು? ಎಡೆಯನ್ನು ಪಡಸಾಲೆಯಲ್ಲೇ ಇಡು, ನಾನೇನೂ ಬೇಡ ಅನ್ನುವುದಿಲ್ಲ ಎಂದು ತಾಯಿಗೆ ಹೇಳಿ ನೋಡಿದ.

“ಪಡ್ಸಾಲೆ ಅವ್ನು ಕಂಡಿಲ್ಲ ಕಣ್ಲಾ,” ಅಂದಳು ಮಂಚಮ್ಮ. “ಎಲ್ಲೀಗೆ ಅಂತ ಬತ್ತನೆ?”

ಕೊನೆಗೆ ಒಂದು ಒಪ್ಪಂದವಾಯಿತು. ಗೋಡೆ ಮುಟ್ಟುವಂತಿಲ್ಲ, ಪಕ್ಷದ ದಿನ ಸೋಫಾ ಸರಿಸಿ ಎಲೆ ಹಾಕಬೇಕು, ಸ್ಪೀಕರುಗಳನ್ನು ಮಂಚಮ್ಮನೇ ಒಪ್ಪಬೇಕು. ಮುದುಕಿಗೆ ಸ್ಪೀಕರಿನ ಉಸಾಬರಿ ಯಾಕೆ ಎಂದು ನೆಂಟರು ಮೂಗು ಮುರಿದರು. ತನ್ನ ನಂಜನ ಜೊತೆ ಎಂಥದ್ದನ್ನು ಕೂಡಿಹಾಕುತ್ತಾರೋ ನೋಡದೆ ಬಿಡುವವಳಲ್ಲ ಅವಳು.

ನಂಜನಗೂಡಿನ ಅಂಗಡಿಯಲ್ಲಿ ಆಳೆತ್ತರದ ಸ್ಪೀಕರ್ ಡಬ್ಬಗಳಿದ್ದವು. ಹಾಕಿದ್ದೇ ತಡ, ಬಾಂಬು ಸಿಡಿದವು, ಹೆಲಿಕಾಪ್ಟರ್ ತಲೆಯ ಮೇಲೆ ಸುತ್ತಿತು. ಪ್ರೇಮ್‌ಕುಮಾರ್ ಬಾಯಿ ಬಿಟ್ಟುಕೊಂಡು ಕೂತ. ಮಂಚಮ್ಮ ಅದನ್ನು ನಿಲ್ಲಿಸಲು ಹೇಳಿದಳು. ಸದ್ದು ನಿಂತ ಮೇಲೆ ಎದ್ದು ಹೋಗಿ ಡಬ್ಬಕ್ಕೆ ಕಿವಿ ಹಚ್ಚಿದಳು. ಒಳಗೆ ಸುಯ್ ಎಂದು ಸಣ್ಣಗೆ ಉಸಿರಾಡುತ್ತಿತ್ತು. ಇದು ಸುಮ್ಮನಿರುವುದಿಲ್ಲ, ಬೇಡ ಅಂದಳು. ಆಮೇಲೆ ಪರದೆಯ ಕೆಳಗಿಡುವ ಒಂದೇ ಉದ್ದನೆಯ ಪಟ್ಟಿಯಂಥದ್ದನ್ನು ತೋರಿಸಿದರು. ಹಿಂದೆ ಏನೂ ಇಡುವುದೇ ಬೇಡ, ದನಿ ಗೋಡೆಗೆ ಬಡಿದು ಹಿಂದಿನಿಂದ ಬಂದ ಹಾಗೆ ಕೇಳುತ್ತದೆ ಎಂದು ಅಂಗಡಿಯವನು ವಿವರಿಸಿದ. ಇಲ್ಲದವರನ್ನು ಇದ್ದಾರೆ ಅನ್ನಿಸುವ ಆ ಆಟ ಅವಳಿಗೆ ಒಂದಿಷ್ಟೂ ಹಿಡಿಸಲಿಲ್ಲ. ಅಂಗಡಿಯವನು ಮುಖ ಸಪ್ಪಗೆ ಮಾಡಿಕೊಂಡ.

ಹಾಗೆ ಕಾರು ಟಿ. ನರಸೀಪುರಕ್ಕೆ ಹೋಯಿತು. ಅಲ್ಲಿ ಚಿಕ್ಕಸ್ವಾಮಿ ಅಂತ, ಮೊದಲು ಮದುವೆ ಮನೆಗಳಿಗೆ ಮೈಕ್‌ಸೆಟ್ ಹಾಕುತ್ತಿದ್ದವನು, ಈಗ ಹೋಂ ಥಿಯೇಟರ್ ಜೋಡಿಸುತ್ತಾನೆ. ಮಾತಿನ ಮಲ್ಲ. ಸಣ್ಣ ಕೋಣೆಗೆ ಸಣ್ಣ ಡಬ್ಬಗಳೇ ಸರಿ, ದೊಡ್ಡದು ತಂದರೆ ಗುಂಯ್‌ಗುಡುತ್ತದೆ, ಮಾತು ಬರುವ ಡಬ್ಬ ಪರದೆಯ ಕೆಳಗೆ ನಡುವೆ, ಹಿಂದಿನ ಎರಡು ಕಿವಿಗಿಂತ ತುಸು ಮೇಲೆ ಎಂದು ಒಂದೇ ಉಸಿರಿಗೆ ಹೇಳಿ, ತನ್ನ ಅಂಗಡಿಯ ಹಿಂದಿನ ಪುಟ್ಟ ಕೋಣೆಯಲ್ಲಿ ಕೂರಿಸಿದ. ಯಾವುದೋ ಮಗು ನಗುತ್ತ ಓಡುವ ದೃಶ್ಯ ಹಾಕಿದ. ಹೆಜ್ಜೆಗಳು ಎಡಗಡೆಯಿಂದ ಹೊರಟು ಬೆನ್ನ ಹಿಂದೆ ಹಾದವು. ಮಂಚಮ್ಮ ತಿರುಗಿ ನೋಡಿದಳು. ಗೋಡೆಯ ಮೇಲೆ ಅಂಗೈಯಗಲದ ಎರಡು ಡಬ್ಬಗಳು ಬಿಟ್ಟರೆ ಏನೂ ಇರಲಿಲ್ಲ. ನಿಲ್ಲಿಸಿದ ಮೇಲೆ ಕಿವಿ ಹಚ್ಚಿದಳು. ಒಣಮರದ ಹಾಗೆ ಮೌನ. ಇದೇ ಇರಲಿ ಅಂದಳು. ಎಂಥ ಕಿವಿ ಎಂದು ಚಿಕ್ಕಸ್ವಾಮಿ ಹೊಗಳಿದ್ದೇ ಹೊಗಳಿದ್ದು. ನಂಜನ ಸದ್ದು ಮುಚ್ಚಿಹೋಗಬಾರದು ಎಂಬುದೊಂದೇ ಅವಳ ಲೆಕ್ಕ ಎಂದು ಅವನಿಗೇನು ಗೊತ್ತು?

ಪಿತೃಪಕ್ಷ ಹತ್ತಿರವಿದ್ದ ಒಂದು ಭಾನುವಾರ ಮಧ್ಯಾಹ್ನ ಚಿಕ್ಕಸ್ವಾಮಿಯ ವ್ಯಾನು ಬಂತು. ರಸ್ತೆಯ ಬಾಗಿಲು ಹಾರು ಹೊಡೆದು ಸಾಮಾನು ಒಳಗೆ ತಂದರು. ತಂತಿ ಎಳೆದು, ಡಬ್ಬ ತೂಗುಹಾಕಿ, ಎಲ್ಲ ಮುಗಿದ ಮೇಲೆ ಅವನು ಸೋಫಾದ ನಡುವೆ ಮನುಷ್ಯ ಕೂತರೆ ಕಿವಿ ಬರುವಷ್ಟು ಎತ್ತರಕ್ಕೆ ಒಂದು ಮೈಕು ನಿಲ್ಲಿಸಿದ. ಮಿಷನ್ನು ಒಂದೊಂದೇ ಡಬ್ಬದಿಂದ ದನಿ ಹೊರಡಿಸಿ ತಾನೇ ಕೇಳಿಸಿಕೊಂಡು ಸರಿಮಾಡಿಕೊಳ್ಳುತ್ತದೆ, ಅಲ್ಲಿಯ ತನಕ ಒಳಗೆ ಯಾರೂ ಇರಬಾರದು, ಬಾಗಿಲು ಹಾಕಿಕೊಂಡು ಹೊರಗೆ ಉಸಿರೆತ್ತದೆ ನಿಲ್ಲಬೇಕು ಎಂದ.

ಹಾಗೇ ನಿಂತರು. ಮಗ, ಸೊಸೆ, ಚಿಕ್ಕಸ್ವಾಮಿ, ಮುಚ್ಚಿದ ಬಾಗಿಲ ಮುಂದೆ ತಲೆ ತಗ್ಗಿಸಿಕೊಂಡು. ಎಲೆಯೊಂದಿಲ್ಲ ಅಷ್ಟೆ, ಇದು ಎಡೆಯೇ. ನಂಜನನ್ನು ಕರೆದ ಹಾಗಾಯಿತಲ್ಲ ಅಂದುಕೊಂಡಳು ಮಂಚಮ್ಮ.

ಒಳಗಿಂದ ಕುಂಯ್ ಎಂಬ ದನಿ ಒಂದೊಂದು ಮೂಲೆಯಿಂದ ಎದ್ದು ಅಡಗಿತು. ಕೋಣೆಯಲ್ಲಿ ಸದ್ದು ಜಾಸ್ತಿ, ಮತ್ತೆ ಮಾಡಿ ಎಂದು ಮೊಬೈಲಿನಲ್ಲಿ ಬಂತು. ಫ್ಯಾನು ನಿಲ್ಲಿಸಿದರು. ಮತ್ತೆ ಅದೇ. ಫ್ರಿಜ್ಜು ಆರಿಸಿದರು, ಪಕ್ಕದ ಮನೆಯವರ ನೀರಿನ ಮೋಟಾರು ನಿಲ್ಲಿಸಿ ಬಂದರು. ಮತ್ತೂ ಅದೇ. ಚಿಕ್ಕಸ್ವಾಮಿ ಒಳಗೆ ಹೋಗಿ ನಿಂತು ಕೇಳಿ ಬಂದ, ಏನೂ ಇಲ್ಲ ಅಂದ. ಮಂಚಮ್ಮನಿಗೆ ಮಾತ್ರ ಒಂದು ದನಿ ಅಡಗಿ ಇನ್ನೊಂದು ಏಳುವ ನಡುವೆ ಸ್ಪಷ್ಟವಾಗಿ ಕೇಳುತ್ತಿತ್ತು. ಡುಬ್. ಡುಬ್. ಹೊಸ ಸದ್ದಿಗೆ ಬೆದರಿದ್ದಾನೆ ಅಂದುಕೊಂಡಳು.

ಚಿಕ್ಕಸ್ವಾಮಿಯ ಮಾತು ಕಡಿಮೆಯಾಯಿತು. ಮೊಬೈಲನ್ನು ಪ್ರೇಮ್‌ಕುಮಾರ್ ಕಡೆ ಹಿಡಿದು ತಗ್ಗಿದ ದನಿಯಲ್ಲಿ ಹೇಳಿದ:

“ಇಂದ್ಲ ಎಡಗಡೆ ಡಬ್ಬದ ಮುಂದೆ ಯಾರೋ ಅಡ್ಡ ನಿಂತಂಗೆ ತೋರುಸ್ತಾದೆ, ಸಾ.”

ಎಲ್ಲರೂ ಮುಚ್ಚಿದ ಬಾಗಿಲನ್ನೇ ನೋಡಿದರು. ಆಮೇಲೆ ಚಿಕ್ಕಸ್ವಾಮಿ ತಾನೇ ಸಮಾಧಾನ ಮಾಡಿಕೊಂಡು, ಮಣ್ಣುಗೋಡೆಯಲ್ಲಿ ಇಲಿಯ ಬಿಲ ಇರಬೇಕು, ಆ ಗೋಡೆ ಕೆಡವಿ ಇಟ್ಟಿಗೆಯದು ಕಟ್ಟಿಸಿದರೆ ಸರಿಹೋಗುತ್ತದೆ ಎಂದ. ನಾನು ಮೊದಲೇ ಹಾಗೆ ಹೇಳಿದ್ದೆ ಎಂದು ಪ್ರೇಮ್‌ಕುಮಾರ್ ಗಾರೆಯವನಿಗೆ ಫೋನು ಹಚ್ಚಿದ. ನಾಳೆಯೇ ಬಾ ಅನ್ನುತ್ತಿದ್ದ.

ಗೋಡೆ ಬಿದ್ದರೆ ನಂಜನಿಗೆ ಬೆನ್ನು ಕೊಡಲೂ ಜಾಗವಿಲ್ಲ. ಮಂಚಮ್ಮ ಫೋನು ಇಡಲು ಹೇಳಿ, ಒಂದು ಗಳಿಗೆ ತಡೆಯಿರಿ ಎಂದು ಒಳಗೆ ಹೋದಳು. ಹಿಂದಿನ ಎಡ ಮೂಲೆಯ ಮುಂದೆ ನಿಂತಳು. ಅಷ್ಟು ವರ್ಷ ತಡೆದಿಟ್ಟ ಕೆಮ್ಮನ್ನು ಅಂದು ಕೆಮ್ಮಿದಳು.

“ನಂಜ, ಒಸಿ ಒತ್ತು ಈಚ್ಗೆ ಬಾ ಮಗ. ಗ್ವಾಡೆ ಕೆಡುವ್ತರಂತೆ. ಇವ್ರು ಮುಗಿಸ್ಕಳ್ಲಿ, ಆಮ್ಯಾಕೆ ನೀನು ಒಳಿಕ್ಕೆ ಓಗೀಯಂತೆ.”

ಸದ್ದು ನಿಂತಿತು. ಅವಳು ಬಾಗಿಲು ತೆಗೆದು, ಬೆಳೆದ ಗಂಡಸೊಬ್ಬನಿಗೆ ದಾರಿ ಬಿಡುವ ಹಾಗೆ ಪಕ್ಕಕ್ಕೆ ಸರಿದಳು. ಯಾಕೆಂದು ತಿಳಿಯದೆ ಚಿಕ್ಕಸ್ವಾಮಿಯೂ ಎರಡು ಹೆಜ್ಜೆ ಸರಿದ. ಯಶೋಧರಾ ಸೆರಗು ಬಿಗಿಯಾಗಿ ಹೊದ್ದುಕೊಂಡಳು.

ಬಾಗಿಲು ಹಾಕಿ ಮೊಬೈಲಿನಲ್ಲಿ ಮತ್ತೆ ಒತ್ತಿದರು. ಈ ಸಲ ಮಿಷನ್ನು ಒಂದೇ ಏಟಿಗೆ ಒಪ್ಪಿಕೊಂಡಿತು. ಪ್ರೇಮ್‌ಕುಮಾರ್ ಸಣ್ಣ ಹುಡುಗನ ಹಾಗೆ ಕುಣಿದ. ಇನ್ನು ಯಾವ ಗೋಡೆಯನ್ನೂ ಮುಟ್ಟುವುದಿಲ್ಲ ಎಂದು ತಾಯಿಗೆ ಮಾತು ಕೊಟ್ಟ, ಚಿಕ್ಕಸ್ವಾಮಿಯನ್ನು ಕಳಿಸಿಕೊಟ್ಟ, ಅವಳನ್ನು ಸೋಫಾದ ನಡುವೆ ಕೂರಿಸಿ ಸಿನಿಮಾ ಹಾಕಿದ. ನಾಲ್ಕೂ ಕಡೆಯಿಂದ ಮಳೆ ಸುರಿಯಿತು, ಹಿಂದಿನಿಂದ ಯಾರೋ ಕರೆದರು, ಎಲ್ಲ ಅಷ್ಟು ಚೆನ್ನಾಗಿ ಕೇಳುತ್ತಿತ್ತು. ಮಂಚಮ್ಮ ನಿಲ್ಲಿಸು ಅಂದಳು. ಬಾಗಿಲು ಅಗಲವಾಗಿ ತೆಗೆದು, ಬಾ ಮಗ, ಮುಗೀತು ಎಂದು ಪಡಸಾಲೆಯ ಕಡೆ ಮುಖ ಮಾಡಿ ಹೇಳಿದಳು. ಹಿಂದಿನ ಮೂಲೆಗೆ ಹೋಗಿ ಗೋಡೆಗೆ ಕಿವಿ ಹಚ್ಚಿದಳು.

ಅವಳು ಆರಿಸಿ ತಂದ ಡಬ್ಬಗಳು ಒಂದಿಷ್ಟೂ ಉಸಿರಾಡದೆ ಸುಮ್ಮನಿದ್ದವು. ಗೋಡೆಯೂ ಸುಮ್ಮನಿತ್ತು. ಕಾದಳು, ಮತ್ತೆ ಕರೆದಳು, ಮತ್ತೆ ಕಿವಿಗೊಟ್ಟಳು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಆ ಕೋಣೆ ಬರೀ ಕೋಣೆಯಾಗಿತ್ತು. ಅವನನ್ನು ಎಲ್ಲಿಗೆ ಕರೆದುಬಿಟ್ಟೆ ಎಂದು ಆಗ ಹೊಳೆಯಿತು. ಅವನು ಕಾಣದ ಪಡಸಾಲೆ, ಅವನಿಗೆ ತಿಳಿಯದ ದಿಕ್ಕಿನ ಬಾಗಿಲು. ರಸ್ತೆಯ ಕಡೆಯ ಆ ಬಾಗಿಲು ಮಧ್ಯಾಹ್ನದಿಂದ ತೆರೆದೇ ಇತ್ತು.

ಮೊಣಕಾಲು ಎಳೆದುಕೊಂಡು ಹೋಗಿ ಹೊಸ್ತಿಲ ಪಕ್ಕ ಕೂತಳು. ರಸ್ತೆಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡ ಬೈಕೊಂದು ಡೈರಿಯ ಕಡೆ ಹೋಯಿತು. ಹೊತ್ತು ಮುಳುಗುತ್ತ ಬಂತು, ಸೊಳ್ಳೆ ಬರುತ್ತವೆ ಅತ್ತೆ ಎಂದು ಯಶೋಧರಾ ಬಾಗಿಲು ಹಾಕಲು ಬಂದಳು.

“ತೆಗ್ದೇ ಇರ್ಲಿ ಕೂಸೇ. ಅವ್ನಿಗೆ ಈ ಬಾಗ್ಲು ಗುರ್ತಿಲ್ಲ,” ಅಂದಳು ಮಂಚಮ್ಮ. “ನಾನೇ ಈಚ್ಗೆ ಕರ್ದ್‌ಬುಟ್ಟೆ.”

ಯಶೋಧರಾ ಎಂದೂ ಇದನ್ನೆಲ್ಲ ನಂಬಿದವಳಲ್ಲ. ಬಾಗಿಲಿನಿಂದ ಕೈ ತೆಗೆದು, ರಸ್ತೆಯ ಎರಡೂ ತುದಿ ನೋಡಿ, ಅತ್ತೆಯ ಪಕ್ಕ ಕೂತಳು.