ಎಡಗೈಗೊಂದು ಕೆಲಸ

ಗುಂಡ್ಲುಪೇಟೆಯ ಈರುಳ್ಳಿ ವ್ಯಾಪಾರಿ ಮಾದಪ್ಪನವರು ಭಜನೆಗೆ ಹಾರ್ಮೋನಿಯಂ ನುಡಿಸುವವರು. ತಾವು ಕಟ್ಟಿದ ಧಾಟಿಗಳನ್ನು ಮನೆಯ ಹೊಸ ಕಂಪ್ಯೂಟರಿನಲ್ಲಿ ನುಡಿಸಿ ಉಳಿಸಿಕೊಳ್ಳಬೇಕೆಂದು ನನ್ನನ್ನು ಚಾಮರಾಜನಗರದಿಂದ ಕರೆಸಿದರು. ನಾನು ಹಾಕಿದ ಮೊದಲ ಸಾಫ್ಟ್‌ವೇರ್ ನೋಡಿ, "ಇಷ್ಟೊಂದು ಗುಂಡಿ ಬ್ಯಾಡ ಬುಡಪ್ಪ" ಎಂದರು. ಚಿಕ್ಕದೊಂದನ್ನು ಹಾಕಿದೆ. ಕೀಬೋರ್ಡಿನ ಅಕ್ಷರ ಒತ್ತಿದರೆ ಸ್ವರ ಬರುತ್ತದೆ, ನುಡಿಸಿದ್ದು ಉಳಿಯುತ್ತದೆ, ಅಷ್ಟೇ. ಆದರೂ ಅವರ ಬಲಗೈ ಮತ್ತೆ ಮತ್ತೆ ತಪ್ಪುತ್ತಿತ್ತು.

"ಎಡಗೈ ಸುಮ್ನೆ ಕುಂತದೆ, ಅದ್ಕೆ ಇಂಗಾಯ್ತದೆ. ಗಾಳಿ ಹಾಕೋ ತಿದಿ ಎಲ್ಲದೆ ಇದ್ರಲ್ಲಿ?"

"ಇದಕ್ಕೆ ಗಾಳಿ ಬೇಡ ಸಾರ್, ಕರೆಂಟು ಸಾಕು."

"ಕರೆಂಟು ಪೆಟ್ಗೆಗಾಯ್ತು. ನನ್ ಕೈಗೆ?"

ನಾನು ಎಡಗೈಗೆ ಮೌಸ್ ಕೊಟ್ಟೆ. ಅದನ್ನು ಹಿಂದೆ ಮುಂದೆ ಆಡಿಸುತ್ತಾ ಒಂದೂ ತಪ್ಪಿಲ್ಲದೆ ಇಡೀ ಭಜನೆ ನುಡಿಸಿದರು.

ಸ್ವಲ್ಪ ದಿನಕ್ಕೆ ಫೋನ್ ಬಂತು. "ತಿದಿ ಕೆಟ್ಟೋಯ್ತು ಕಣಪ್ಪ." ಹೊಸ ಮೌಸ್ ತೆಗೆದುಕೊಂಡು ಬಸ್ಸು ಹತ್ತಿದೆ.