ಹಸಿರು ತೋರಿಸಿದ ಸೆಲ್ಲು

ನನ್ನ ಕಿವಿ ಇರುವುದು ಅಂಗಿಯ ಜೇಬಿನಲ್ಲಿ. ಬೆಂಕಿಪೊಟ್ಟಣದಂಥ ಯಂತ್ರ, ಅದರಿಂದ ಕಿವಿಗೊಂದು ವೈರು, ಒಳಗೊಂದು ಪೆನ್ಸಿಲ್ ಸೆಲ್ಲು. ಸೆಲ್ಲು ಕೊಂಡು ಕೊಂಡು ಎಸೆಯುವುದು ನನ್ನ ಜಾಯಮಾನಕ್ಕೆ ಒಗ್ಗದು, ಚಾರ್ಜ್ ಮಾಡಿ ಮಾಡಿ ಹಾಕುತ್ತಿದ್ದೆ. ಹೋದ ವರ್ಷ ಆ ಚಾರ್ಜರ್ ಸುಟ್ಟ ವಾಸನೆ ಬಿಟ್ಟು ಕಣ್ಣುಮುಚ್ಚಿತು.

ಅದೇ ವಾರ ಖಾನಾಪುರದಿಂದ ತಮ್ಮನ ಮಗಳ ಫೋನು. ಹೆಂಡತಿ ಮಾತಾಡಿ, ನನ್ನ ಕಿವಿಗೆ ಬಾಯಿಟ್ಟು ಕೂಗಿದಳು: "ರವಿವಾರ ಆಕೀನ್ನ ನೋಡಾಕ ಬರ್ತಾರಂತ. ಆಕೀಗಿ ಮನಸಿಲ್ಲ, ಅಪ್ಪನ ಮುಂದ ಹೇಳಾಕ ಧೈರ್ಯ ಇಲ್ಲ. ಹುಡುಗನ ಕಡೆಯವರು ಕೇಳಿದ ಕೂಡಲೇ ನೀವ ಬ್ಯಾಡ ಅನ್ಬೇಕಂತ. ನಿಮ್ಮ ಮಾತು ಆಕೀ ಅಪ್ಪ ಮೀರೂದಿಲ್ಲ."

ಅನ್ನುತ್ತೇನೆ. ಆದರೆ ಅವರು ಕೇಳಿದ್ದು ಗೊತ್ತಾಗಬೇಕಲ್ಲ!

ಬೆಳಗಾವಿಯ ಖಡೇಬಜಾರಕ್ಕೆ ಓಡಿದೆ. ಅಂಗಡಿಯವನು ತನ್ನದೊಂದು ಸೆಲ್ಲು ಹಾಕಿ ಮೊದಲು ನನ್ನನ್ನು ಚಾಲೂ ಮಾಡಿದ. ತಾಸಿನಲ್ಲಿ ತುಂಬಿಸುವ ಚಾರ್ಜರ್ ಸೆಲ್ಲನ್ನು ಕಾಯಿಸುತ್ತದೆ ಎಂದ. ನಿಧಾನದ್ದು, ಸೆಲ್ಲಿಗೊಂದು ದೀಪ ಇರುವುದನ್ನು ಆರಿಸಿದೆ.

"ಕಾಕಾ, ದೀಪ ಹತ್ತಿದ್ದು ನೋಡಿ ನಂಬಬ್ಯಾಡ್ರಿ. ತನ್ನ ಕೆಲಸ ಮುಗೀತು ಅಂತ ಯಾರರ ತಾವ ಹೇಳಿದ್ರ ಆತೇನು? ಟೆಸ್ಟರ್ ಒಯ್ರಿ."

ಖರೇ ಅನ್ನಿಸಿತು. ಮುಳ್ಳು ಹಸಿರಿಗೆ ಬಂದರೆ ಪೂರ್ತಿ, ಹಳದಿಗೆ ಬಂದರೆ ಅರೆಜೀವ, ಕೆಂಪಿಗೆ ಬಂದರೆ ತಿಪ್ಪೆಗೆ. ಅದನ್ನೂ ಕೊಂಡು, ಅವನ ಸೆಲ್ಲು ಅವನಿಗೆ ಮರಳಿಸಿದೆ.

ಮನೆಯಲ್ಲಿ ಚಾರ್ಜರಿನ ದೀಪಗಳೆಲ್ಲ ತುಂಬಿತು ಎಂದವು. ಟೆಸ್ಟರ್ ಒಪ್ಪಲಿಲ್ಲ, ಎಲ್ಲ ಹಳದಿ. ಮತ್ತೆ ಚಾರ್ಜಿಗಿಟ್ಟೆ, ಮತ್ತೆ ಹಳದಿ. ಹೆಂಡತಿ ನಗುತ್ತ ಮಾಳಿಗೆಯಿಂದ ಸಂಡಿಗೆಯ ತಾಟು ತಂದಳು. ಸಂಡಿಗೆಯ ನಡುವೆ ಗಡಿಯಾರದಿಂದ ತೆಗೆದ ಸತ್ತ ಸೆಲ್ಲುಗಳು ಒಣಗುತ್ತಿದ್ದವು. ಎರಡನ್ನು ಟೆಸ್ಟರಿಗೆ ಹಿಡಿದರೆ ಎರಡೂ ಕಡು ಹಸಿರು! "ಬಿಸಲಿಗೆ ಯಾವ ಚಾರ್ಜರ್ ಸಮ ಐತ್ರಿ?" ಎಂದು ಕಿವಿಯಲ್ಲಿ ಕೂಗಿದಳು. ಓದಿದವನು ನಾನು, ಯಂತ್ರ ಹೇಳಿದ್ದನ್ನು ನಂಬಿದೆ. ಹಳದಿಯವನ್ನು ಮನೆಯಲ್ಲೇ ಬಿಟ್ಟು ಹಸಿರಿನವೆರಡನ್ನು ಜೇಬಿಗೆ ಹಾಕಿ ರವಿವಾರ ಹೆಂಡತಿಯೊಂದಿಗೆ ಬಸ್ಸು ಹತ್ತಿದೆ. ಆ ಟೆಸ್ಟರ್ ಸಾದಾ ಸೆಲ್ಲುಗಳಿಗೆ ಮಾಡಿದ್ದು, ಚಾರ್ಜ್ ಮಾಡುವ ಸೆಲ್ಲು ಎಷ್ಟೇ ತುಂಬಿದ್ದರೂ ಅದರಲ್ಲಿ ಹಳದಿಯೇ ಎಂದು ಡಬ್ಬಿಯ ಹಿಂದೆ ಬರೆದಿತ್ತು. ಅದನ್ನು ಓದಿದ್ದು ಎಲ್ಲ ಮುಗಿದ ಮೇಲೆ; ಬಿಸಿಲಿಗೆ ಕಾದ ಸತ್ತ ಸೆಲ್ಲಿನ ಹಸಿರು ಗಳಿಗೆಯದು ಎಂದು ತಿಳಿದದ್ದೂ ಆಮೇಲೆಯೇ.

ಮೊದಲ ಸೆಲ್ಲು ಖಾನಾಪುರದ ಬಸ್‌ಸ್ಟ್ಯಾಂಡಿನಲ್ಲಿ ಹೋಯಿತು. ಎರಡನೆಯದು ತಮ್ಮನ ಮನೆಯಲ್ಲಿ ಉಪ್ಪಿಟ್ಟು ಬರುವವರೆಗೆ ಬಾಳಿತು. ಹೆಂಡತಿ ಒಳಗೆ ಹೆಂಗಸರ ಜೊತೆಗಿದ್ದಳು. ನನ್ನೆದುರು ಹುಡುಗನ ಸೋದರಮಾವ, ಅವನ ದಪ್ಪ ಮೀಸೆ ಒಂದೇ ಸಮ ಆಡುತ್ತಿತ್ತು. ಮಳೆಯ ಸುದ್ದಿಯೋ ಮದುವೆಯ ಸುದ್ದಿಯೋ ದೇವರಿಗೇ ಗೊತ್ತು. ಮಳೆಗೆ ಬೇಡ ಅಂದರೆ ಹುಚ್ಚನೆಂದಾರು ಎಂದು ತಡೆದುಕೊಂಡೆ.

ಹುಡುಗಿ ಚಹಾ ತಂದವಳು ನನ್ನನ್ನೇ ನೋಡಿದಳು. ನೆನಪಿದೆ ಮಗಳೇ ಎಂದು ತಲೆಯಾಡಿಸಿದೆ. ಮೀಸೆ ಅರಳಿತು. ಅವರು ತಂದ ಸಿಹಿ ಕುಂದಾದ ಡಬ್ಬಿ ತೆರೆಯಿತು. ನಾನು ಏನೆಂದು ತಿಳಿಯುವುದರೊಳಗೆ ಅಂಗೈಯಗಲದ ತುಂಡು ನನ್ನ ಬಾಯಿಯಲ್ಲಿತ್ತು. ತಮ್ಮ ಬಂದು ನನ್ನ ಕಾಲು ಮುಟ್ಟಿದ. ಆಗ ತಿಳಿಯಿತು, ಮೀಸೆ ಕೇಳಿದ್ದಕ್ಕೆ ನಾನು ಹೂಂ ಅಂದಂತಾಗಿತ್ತು. ಕುಂದಾ ನುಂಗಲೂ ಆಗದು, ಉಗುಳಲೂ ಆಗದು.

ಹುಡುಗಿ ತಟ್ಟೆ ಕೆಳಗಿಟ್ಟಳು. ಸೆರಗು ಸರಿ ಮಾಡಿಕೊಂಡು, ಅಪ್ಪನ ಕಡೆ ನೇರ ನೋಡಿ ಏನೋ ಅಂದಳು. ಎರಡೋ ಮೂರೋ ಮಾತು, ಹೆಚ್ಚಿಲ್ಲ. ಮೀಸೆ ನಿಂತಿತು. ತಮ್ಮ ಇದ್ದಲ್ಲೇ ಕುಳಿತ. ಕುಂದಾದ ಡಬ್ಬಿ ಮುಚ್ಚಿಕೊಂಡಿತು, ಬಂದವರೆಲ್ಲ ಎದ್ದರು. ಅವರು ಅಂಗಳದಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಗ ನನ್ನ ಬಾಯಿ ಖಾಲಿಯಾಯಿತು. ಕೊಟ್ಟ ಮಾತಿನಂತೆ ಓಣಿಗೆಲ್ಲ ಕೇಳುವ ಹಾಗೆ ಕೂಗಿದೆ: "ನಮಗ ಈ ಸಂಬಂಧ ಬ್ಯಾಡ್ರೀ!"

ಬೆಳಗಾವಿಗೆ ಬಂದು ಹಳದಿ ಸೆಲ್ಲು ಹಾಕಿದೆ. ಗುಬ್ಬಿ ಕೂಗಿದ್ದೂ ಕೇಳಿತು. ತಡೆಯಲಾರದೆ ಹುಡುಗಿಗೆ ಫೋನು ಮಾಡಿ, "ಅಪ್ಪಗ ಏನಂದಿ ಹೇಳವಾ, ಒಮ್ಮೆ ಕೇಳ್ತೀನಿ," ಅಂದೆ.

"ಬಿಡ್ರಿ ದೊಡ್ಡಪ್ಪಾ, ಮತ್ತ ಹೇಳಾಕ ನಾಚಿಕಿ ಬರ್ತೈತಿ."

ನಮ್ಮ ಮನೆತನದಲ್ಲಿ ಹೆಣ್ಣುಮಗಳೊಬ್ಬಳು ತುಂಬಿದ ಮನೆಯಲ್ಲಿ ಬಾಯಿಬಿಟ್ಟು ಬೇಡ ಅಂದದ್ದು ಅದೇ ಮೊದಲು. ಅಡಿಗೆಮನೆಯವರಿಗೂ ಕೇಳಿಸಿತ್ತಂತೆ. ಎದುರಿಗೇ ಕುಳಿತಿದ್ದ ನನಗೊಬ್ಬನಿಗೆ ಕೇಳಿಸಲಿಲ್ಲ.